ಚಾರಣಕ್ಕೆ ಕ್ಯಾಮೆರಾ ಪಟ್ಟಿ (ಸ್ಟ್ರ್ಯಾಪ್): ಬೆನ್ನುಚೀಲ ಹೊತ್ತುಕೊಂಡೇ ಆರಿಸಬೇಕು

ಕುಮಾರ ಪರ್ವತದಿಂದ ಇಳಿಯುವಾಗ ನಡುದಾರಿಯ ಭಟ್ಟರ ಮನೆಯವರೆಗೆ ಬಹುಪಾಲು ಬಯಲು ಹುಲ್ಲುಗಾವಲು. ಅಲ್ಲಿಂದ ಕುಕ್ಕೆಯ ಕಡೆಗೆ ದಟ್ಟ ಕಾಡು: ಬೇರು, ಸಡಿಲ ಕಲ್ಲು, ಒದ್ದೆ ತರಗೆಲೆ. 1,712 ಮೀಟರ್ ಎತ್ತರದ ಶಿಖರ ಮುಟ್ಟಿ ಬಂದ ಮೊಣಕಾಲುಗಳು ಈ ಕೊನೆಯ ದಾರಿಯಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಅಲ್ಲೊಂದು ಕಡೆ ಬಂಡೆಗೆ ಕೈಯೂರಿ ಇಳಿಯಲೆಂದು ಬಗ್ಗಿದೆ. ಕತ್ತಿನಲ್ಲಿದ್ದ ಕ್ಯಾಮೆರಾ ಮುಂದಕ್ಕೆ ಜೋಲಿ ಹೊಡೆದು, ಲೆನ್ಸಿನ ಮೂತಿ ಕಲ್ಲಿಗೆ ಟಣ್ಣೆಂದು ಬಡಿಯಿತು. ಮುಂದಿನ ಫಿಲ್ಟರಿನ ಗಾಜು ಚೂರಾಯಿತು, ಲೆನ್ಸು ಉಳಿಯಿತು. ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ.

ಅಂದು ಹಾಕಿಕೊಂಡಿದ್ದ ಪಟ್ಟಿಯನ್ನು ಅಂಗಡಿಯಲ್ಲಿ ಕತ್ತಿಗೆ ಹಾಕಿ ನೋಡಿದಾಗ ಬಹಳ ಹಿತವೆನಿಸಿತ್ತು. ಅಗಲವಾಗಿತ್ತು, ಮೆತ್ತಗಿತ್ತು, ಎಳೆದರೆ ರಬ್ಬರಿನಂತೆ ಹಿಗ್ಗುತ್ತಿತ್ತು. ಆದರೆ ಅಂಗಡಿಯಲ್ಲಿ ನನ್ನ ಬೆನ್ನ ಮೇಲೆ ಎಂಟು ಕಿಲೋ ಚೀಲವಿರಲಿಲ್ಲ, ಕಾಲಕೆಳಗೆ ಇಳಿಜಾರಿರಲಿಲ್ಲ, ಕುತ್ತಿಗೆಯಲ್ಲಿ ಬೆವರಿರಲಿಲ್ಲ. ಚಾರಣದ ಪಟ್ಟಿಯ ಹಿತ ಮೆತ್ತೆಯಲ್ಲಿಲ್ಲ. ಭಾರ ಮೈಯ ಯಾವ ಭಾಗದ ಮೇಲೆ ಕೂರುತ್ತದೆ, ನಡೆಯುವಾಗ ಕ್ಯಾಮೆರಾ ಎಷ್ಟು ಅಲ್ಲಾಡುತ್ತದೆ, ಬೆನ್ನುಚೀಲದ ಜೊತೆ ಅದು ಹೊಂದಿಕೊಳ್ಳುತ್ತದೆಯೇ ಎಂಬ ಮೂರು ಪ್ರಶ್ನೆಗಳಲ್ಲಿದೆ. ಮುಂದಿನ ಹಂತಗಳೆಲ್ಲ ಈ ಮೂರನ್ನು ನಿಮ್ಮ ಮೈಗೆ, ನಿಮ್ಮ ಕ್ಯಾಮೆರಾಕ್ಕೆ ಕೇಳಿಕೊಳ್ಳುವ ಬಗೆ.

ಮೊದಲು ತೂಗಿ ನೋಡಿ

ಅಡುಗೆಮನೆಯ ತಕ್ಕಡಿಯ ಮೇಲೆ ಕ್ಯಾಮೆರಾ ಇಡಿ. ಬ್ಯಾಟರಿ, ಕಾರ್ಡ್, ನೀವು ನಡೆಯುವಾಗ ಹಾಕಿರುವ ಲೆನ್ಸ್, ಫಿಲ್ಟರ್, ಹುಡ್ ಎಲ್ಲವೂ ಇರಲಿ. ಪೆಟ್ಟಿಗೆಯ ಮೇಲೆ ಬರೆದಿರುವ ಕ್ಯಾಮೆರಾದ ತೂಕವನ್ನು ನೆಚ್ಚಿಕೊಳ್ಳಬೇಡಿ, ಲೆನ್ಸು ಸೇರಿದಾಗ ಅದು ಒಂದೂವರೆ ಪಟ್ಟೋ ಇಮ್ಮಡಿಯೋ ಆಗುತ್ತದೆ. ಫ್ಯೂಜಿಫಿಲ್ಮ್ ಎಕ್ಸ್-ಟಿ5 ಕ್ಯಾಮೆರಾ 557 ಗ್ರಾಂ. ಅದಕ್ಕೆ 18-55 ಮಿ.ಮೀ. ಲೆನ್ಸ್ ಹಾಕಿದರೆ 867 ಗ್ರಾಂ. ಸೋನಿ ಎ7-4 ಕ್ಯಾಮೆರಾ 658 ಗ್ರಾಂ. 24-105 ಲೆನ್ಸಿನೊಂದಿಗೆ 1,300 ಗ್ರಾಂ ದಾಟುತ್ತದೆ. ಹಕ್ಕಿಗಳ ಚಿತ್ರ ತೆಗೆಯಲು ನಿಕಾನ್ ಡಿ850 ಮತ್ತು 200-500 ಲೆನ್ಸ್ ಹೊತ್ತವರು 3,300 ಗ್ರಾಂ ಹೊತ್ತಿರುತ್ತಾರೆ.

ನನ್ನ ಲೆಕ್ಕ ಹೀಗಿದೆ. 600 ಗ್ರಾಂ ಒಳಗಿದ್ದರೆ ಯಾವ ಪಟ್ಟಿಯೂ ನಡೆದೀತು. 600ರಿಂದ 1,000 ಗ್ರಾಂವರೆಗೆ ಜೋಳಿಗೆಯಂತೆ ಹಾಕಿಕೊಳ್ಳುವ ಒಳ್ಳೆಯ ಅಡ್ಡಪಟ್ಟಿ ಸಾಕು. 1,000 ಗ್ರಾಂ ದಾಟಿದ ಮೇಲೆ ಕತ್ತಿಗೆ ನೇತುಹಾಕುವ ವಿಚಾರವನ್ನೇ ಬಿಡಬೇಕು, ಭಾರವನ್ನು ಬೆನ್ನುಚೀಲಕ್ಕೆ ವರ್ಗಾಯಿಸುವ ದಾರಿ ಹುಡುಕಬೇಕು. 2,000 ಗ್ರಾಂ ಮೇಲ್ಪಟ್ಟ ದೊಡ್ಡ ಲೆನ್ಸುಗಳ ನಿಯಮವೇ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದು ಕಿಲೋ ಏನು ಮಹಾ ಎಂದು ಅನಿಸಬಹುದು. ಹೆಜ್ಜೆಗೆ 70 ಸೆಂಟಿಮೀಟರ್ ಎಂದುಕೊಂಡರೆ ಹತ್ತು ಕಿಲೋಮೀಟರಿಗೆ ಸುಮಾರು 14,000 ಹೆಜ್ಜೆ. ಅಷ್ಟೂ ಸಲ ಆ ಕಿಲೋ ಒಮ್ಮೆ ಮೇಲೆದ್ದು ಒಮ್ಮೆ ಕೆಳಕ್ಕೆ ಜಗ್ಗುತ್ತದೆ, ಅದೂ ಕುತ್ತಿಗೆಯ ಹಿಂಭಾಗದ ಅದೇ ಒಂದು ಗೆಣ್ಣಿನ ಮೇಲೆ. ಬಗ್ಗಿ ದಾರಿ ನೋಡುತ್ತ ಹತ್ತುವವನ ಕುತ್ತಿಗೆ ತಲೆಯ ಭಾರವನ್ನು ಆಗಲೇ ಹಿಡಿದಿಟ್ಟುಕೊಂಡಿರುತ್ತದೆ. ಸಂಜೆ ಬರುವ ತಲೆನೋವಿಗೆ ಬಿಸಿಲನ್ನು ದೂರುವ ಮೊದಲು ಪಟ್ಟಿಯನ್ನು ನೋಡಿ.

ಅಕ್ಕಿಚೀಲದ ಪರೀಕ್ಷೆ

ಹಣ ಕೊಡುವ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ತಕ್ಕಡಿ ತೋರಿಸಿದಷ್ಟೇ ತೂಕದ ಅಕ್ಕಿಯನ್ನು ಗಟ್ಟಿ ಬಟ್ಟೆಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಹಳೆಯ ಕೈಚೀಲದ ಪಟ್ಟಿಯನ್ನೋ, ಮಡಿಸಿದ ಶಲ್ಯವನ್ನೋ, ದುಪ್ಪಟ್ಟಾವನ್ನೋ ಅದಕ್ಕೆ ಕಟ್ಟಿ. ಚಾರಣಕ್ಕೆ ಒಯ್ಯುವ ಬೆನ್ನುಚೀಲವನ್ನು ನೀರಿನ ಬಾಟಲಿ ಸಮೇತ ತುಂಬಿ ಹೊತ್ತುಕೊಳ್ಳಿ. ಎದೆಪಟ್ಟಿ, ಸೊಂಟಪಟ್ಟಿ ಎರಡನ್ನೂ ಬಿಗಿಯಿರಿ. ಈಗ ಅಕ್ಕಿಚೀಲವನ್ನು ಮೊದಲು ಕತ್ತಿಗೆ, ಆಮೇಲೆ ಜೋಳಿಗೆಯಂತೆ ಅಡ್ಡಲಾಗಿ, ಆಮೇಲೆ ಬೆನ್ನುಚೀಲದ ಹೆಗಲ ಪಟ್ಟಿಗೇ ಕಟ್ಟಿಕೊಂಡು ಒಂದೊಂದು ಬಗೆಯಲ್ಲಿ ಅರ್ಧ ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ.

ಮೊದಲ ಹತ್ತು ನಿಮಿಷ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಇಪ್ಪತ್ತನೆಯ ನಿಮಿಷದಿಂದ ನಿಜ ತಿಳಿಯುತ್ತದೆ. ಪಟ್ಟಿ ಎಲ್ಲಿ ಕೊರೆಯುತ್ತದೆ, ಚೀಲ ಎಷ್ಟು ಹೊತ್ತಿಗೊಮ್ಮೆ ಹೊಟ್ಟೆಗೆ ಬಡಿಯುತ್ತದೆ, ಕೈ ತನಗೆ ತಾನೇ ಅದನ್ನು ಹಿಡಿದುಕೊಳ್ಳಲು ಹೋಗುತ್ತದೆಯೇ ಎಂದು ಗಮನಿಸಿ. ಕೈ ಹೋದರೆ ಆ ಬಗೆ ನಿಮಗಲ್ಲ. ಹಿತವೆನಿಸಿದ ಬಗೆಯಲ್ಲಿ ನಿಂತು, ಪಟ್ಟಿಯ ಉದ್ದವನ್ನು ದರ್ಜಿಯ ಟೇಪಿನಿಂದ ಅಳೆದು ಬರೆದಿಟ್ಟುಕೊಳ್ಳಿ. ಪಟ್ಟಿಗಳ ವಿವರಣೆಯಲ್ಲಿ ಕನಿಷ್ಠ ಮತ್ತು ಗರಿಷ್ಠ ಉದ್ದ ಕೊಟ್ಟಿರುತ್ತಾರೆ. ನಿಮ್ಮ ಅಳತೆ ಅವೆರಡರ ನಡುವೆ ಬರಬೇಕು, ಗರಿಷ್ಠಕ್ಕಿಂತ ಹತ್ತು ಸೆಂಟಿಮೀಟರಾದರೂ ಕಡಿಮೆ ಇರಬೇಕು. ಚಳಿಗಾಲದಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟರೆ ದಪ್ಪ ಜಾಕೆಟ್ಟು ಆ ಹತ್ತು ಸೆಂಟಿಮೀಟರನ್ನು ನುಂಗಿಬಿಡುತ್ತದೆ.

ಕತ್ತಿನ ಪಟ್ಟಿ ಏಕೆ ಜೋಲಿ ಹೊಡೆಯುತ್ತದೆ

ಕ್ಯಾಮೆರಾದ ಪೆಟ್ಟಿಗೆಯಲ್ಲೇ ಬರುವ ಪಟ್ಟಿಯನ್ನು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮದುವೆಮನೆಗೆ, ಊರೊಳಗಿನ ಅರ್ಧ ದಿನದ ಓಡಾಟಕ್ಕೆ ಅದು ಸಾಕು. ಬೆಟ್ಟದಲ್ಲಿ ಅದರ ಸಮಸ್ಯೆ ಲೋಲಕದ ಸಮಸ್ಯೆ. ಕತ್ತಿನಿಂದ ಸುಮಾರು 40 ಸೆಂಟಿಮೀಟರ್ ಕೆಳಗೆ ತೂಗುವ ಭಾರ ಒಮ್ಮೆ ಆಚೆ ಹೋಗಿ ಈಚೆ ಬರಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಬೆಟ್ಟದ ದಾರಿಯಲ್ಲಿ ನಿಮಿಷಕ್ಕೆ 95 ಹೆಜ್ಜೆ ಹಾಕುವವನ ಎಡಗಾಲು ಮತ್ತೆ ನೆಲ ಮುಟ್ಟಲು ಹಿಡಿಯುವ ಸಮಯವೂ ಅಷ್ಟೇ. ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ನಿಮ್ಮ ನಡಿಗೆಯೇ ಕ್ಯಾಮೆರಾವನ್ನು ಹೆಜ್ಜೆ ಹೆಜ್ಜೆಗೂ ತೂಗುತ್ತದೆ. ಪಟ್ಟಿ ರಬ್ಬರಿನಂತೆ ಹಿಗ್ಗುವಂಥದ್ದಾದರೆ ಇದರ ಮೇಲೆ ಕುಪ್ಪಳಿಸುವಿಕೆಯೂ ಸೇರಿಕೊಳ್ಳುತ್ತದೆ. ಹಿಗ್ಗುವ ನಿಯೋಪ್ರೀನ್ ಎಂಬ ರಬ್ಬರು ಭಾರವನ್ನು ಕಡಿಮೆ ಮಾಡಿದಂತೆ ತೋರುವುದು ಅದು ಜಗ್ಗಾಟದ ಪೆಟ್ಟನ್ನು ಮೃದು ಮಾಡುವುದರಿಂದ. ಭಾರ ಅಲ್ಲೇ ಇರುತ್ತದೆ, ಇನ್ನಷ್ಟು ಹೊತ್ತು ಅಲ್ಲಾಡುತ್ತಿರುತ್ತದೆ.

ಕತ್ತಿನ ಪಟ್ಟಿಯೇ ಬೇಕೆಂದಿದ್ದರೆ ಗಿಡ್ಡ ಮಾಡಿ. ಕ್ಯಾಮೆರಾದ ತಳ ಎದೆಗೂಡು ಮುಗಿಯುವಲ್ಲಿಗೆ ಬರಲಿ, ಹೊಕ್ಕುಳಿಗಿಂತ ಕೆಳಗೆ ಹೋಗದಿರಲಿ. ಬೆನ್ನುಚೀಲದ ಎದೆಪಟ್ಟಿಯನ್ನು ಕ್ಯಾಮೆರಾ ಪಟ್ಟಿಯ ಎರಡೂ ಎಳೆಗಳ ಮೇಲಿಂದ ಹಾಯಿಸಿ ಬಿಗಿದರೆ ತೂಗಾಟ ಬಹಳ ಕಡಿಮೆಯಾಗುತ್ತದೆ. ಪಟ್ಟಿಗೆ ಕೊಟ್ಟ ಹಣಕ್ಕಿಂತ ಈ ಉಪಾಯ ದೊಡ್ಡದು, ಖರ್ಚು ಏನೂ ಇಲ್ಲ.

ಅಡ್ಡಪಟ್ಟಿ: ಹೆಚ್ಚಿನವರಿಗೆ ಇದೇ ಸರಿ

ಒಂದು ಹೆಗಲಿನಿಂದ ಎದುರು ಸೊಂಟಕ್ಕೆ ಜೋಳಿಗೆಯಂತೆ ಹಾಕಿಕೊಳ್ಳುವ ಪಟ್ಟಿಯನ್ನು ಸ್ಲಿಂಗ್ ಎನ್ನುತ್ತಾರೆ. ಭಾರ ಕುತ್ತಿಗೆಯನ್ನು ಬಿಟ್ಟು ಹೆಗಲಿಗೆ ಬರುತ್ತದೆ, ಕ್ಯಾಮೆರಾ ಸೊಂಟದ ಮೂಳೆಗೆ ಒರಗಿ ಕೂರುತ್ತದೆ. ಒರಗುವ ಜಾಗ ಸಿಕ್ಕಿದ್ದರಿಂದ ತೂಗಾಟ ತಾನಾಗಿಯೇ ಇಳಿಯುತ್ತದೆ.

ಇಂಥ ಪಟ್ಟಿಯನ್ನು ಆರಿಸುವಾಗ ಮೂರು ವಿಷಯ ನೋಡಬೇಕು. ಮೊದಲನೆಯದು, ಹೆಗಲ ಮೇಲೆ ಜಾರಬೇಕೋ ಹಿಡಿದುಕೊಳ್ಳಬೇಕೋ ಎನ್ನುವುದು. ಕ್ಯಾಮೆರಾವನ್ನು ಕಣ್ಣಿಗೆ ಎತ್ತುವಾಗ ಪಟ್ಟಿ ಇಡಿಯಾಗಿ ಹೆಗಲ ಮೇಲೆ ಜಾರಿ ಬರುವ ಮಾದರಿಯಾದರೆ ಒಳಮೈ ನುಣುಪಾಗಿರಬೇಕು. ಮೆತ್ತೆ ಹೆಗಲ ಮೇಲೆ ನಿಂತು ಕ್ಯಾಮೆರಾ ಮಾತ್ರ ಕೊಂಡಿಯ ಮೂಲಕ ಪಟ್ಟಿಯುದ್ದಕ್ಕೂ ಓಡುವ ಮಾದರಿಯಾದರೆ ಮೆತ್ತೆಯ ಒಳಮೈ ಒರಟಾಗಿರಬೇಕು. ಕೆಲವು ಪಟ್ಟಿಗಳ ಒಂದು ಮೈ ನುಣುಪು, ಇನ್ನೊಂದು ಮೈಯಲ್ಲಿ ಸಿಲಿಕೋನಿನ ಗೆರೆಗಳಿರುತ್ತವೆ. ಪೀಕ್ ಡಿಸೈನ್ ಕಂಪನಿಯ ಸ್ಲೈಡ್ ಅಂಥದ್ದು. ಅಡ್ಡ ಹಾಕುವಾಗ ನುಣುಪು ಒಳಗೆ, ಒಂದೇ ಹೆಗಲಿಗೆ ನೇತುಹಾಕುವಾಗ ಒರಟು ಒಳಗೆ.

ಎರಡನೆಯದು, ಒಂದೇ ಕೈಯಲ್ಲಿ ಉದ್ದ ಬದಲಿಸಲು ಬರಬೇಕು. ಸಮತಟ್ಟಿನಲ್ಲಿ ಸೊಂಟದ ಬಳಿ ಇರುವ ಕ್ಯಾಮೆರಾ ಬಂಡೆ ಹತ್ತುವಾಗ ಕಂಕುಳಿನ ಕೆಳಕ್ಕೆ ಬಿಗಿಯಾಗಿ ಬರಬೇಕು. ಹಂಪಿಯ ಮಾತಂಗ ಬೆಟ್ಟಕ್ಕೆ ಸೂರ್ಯೋದಯ ನೋಡಲು ಕತ್ತಲಲ್ಲಿ ಹತ್ತಿದವರಿಗೆ ಇದರ ಬೆಲೆ ಗೊತ್ತು: ಒಂದು ಕೈಯಲ್ಲಿ ಟಾರ್ಚ್, ಇನ್ನೊಂದು ಕೈ ಬಂಡೆಯ ಮೇಲೆ, ಸಡಿಲ ಪಟ್ಟಿಯ ಕ್ಯಾಮೆರಾ ಪ್ರತಿ ಬಂಡೆಯನ್ನೂ ಮುಟ್ಟಿ ಮಾತನಾಡಿಸುತ್ತದೆ. ಕೆಲವು ಅಗ್ಗದ ಪಟ್ಟಿಗಳ ಉದ್ದ ಬದಲಿಸಲು ಎರಡೂ ಕೈ ಬೇಕು, ಉಗುರೂ ಬೇಕು. ಅವನ್ನು ಬಿಟ್ಟುಬಿಡಿ.

ಮೂರನೆಯದು ಅಗಲ. ನೀರಿನ ಕೊಡ ಹೊರುವವರು ತಲೆಗೆ ಸಿಂಬಿ ಇಟ್ಟುಕೊಳ್ಳುವುದು ಮೆತ್ತಗಿರಲಿ ಎಂದಷ್ಟೇ ಅಲ್ಲ, ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗಲಿ ಎಂದು. ಪಟ್ಟಿಗೂ ಅದೇ ನಿಯಮ. ಒಂದು ಸೆಂಟಿಮೀಟರ್ ಅಗಲದ ಹಗ್ಗಕ್ಕಿಂತ ನಾಲ್ಕು ಸೆಂಟಿಮೀಟರಿನ ಪಟ್ಟಿಯ ಒತ್ತಡ ಕಾಲು ಭಾಗ. ಹಾಗೆಂದು ಅಗಲ ಬೆಳೆಸುತ್ತಲೇ ಹೋದರೆ ಪ್ರಯೋಜನವಿಲ್ಲ. ಬೆನ್ನುಚೀಲದ ಪಟ್ಟಿ ಹೆಗಲಿನ ಬಹುಪಾಲು ಜಾಗ ಹಿಡಿದಿರುತ್ತದೆ, ಉಳಿದ ಕಿರಿದಾದ ಜಾಗದಲ್ಲಿ ಆರು ಸೆಂಟಿಮೀಟರಿನ ಮೆತ್ತೆ ಮಡಿಚಿಕೊಂಡು ಅಂಚಿನಿಂದ ಕುತ್ತಿಗೆ ಕೊಯ್ಯುತ್ತದೆ. ಬೆನ್ನುಚೀಲದ ಜೊತೆಗಾದರೆ ಮೂರರಿಂದ ನಾಲ್ಕೂವರೆ ಸೆಂಟಿಮೀಟರ್, ದಪ್ಪ ಮೆತ್ತೆಯಿಲ್ಲದ, ಅಂಚು ಮೃದುವಾಗಿರುವ ಪಟ್ಟಿ ಸರಿಹೊಂದುತ್ತದೆ. ಕಾರಿನ ಸೀಟುಪಟ್ಟಿಯಂಥ ನೇಯ್ಗೆ ಇದಕ್ಕೆ ಒಳ್ಳೆಯದು. ಎದೆಯ ನಡುವೆ ಹಾಯುವ ಪಟ್ಟಿ ಅನೇಕ ಹೆಣ್ಣುಮಕ್ಕಳಿಗೆ ಹಿಂಸೆಯಾಗುತ್ತದೆ. ಅವರಿಗೆ ಕಿರಿದಾದ ಪಟ್ಟಿ, ಅದೂ ಕುತ್ತಿಗೆಗೆ ಹತ್ತಿರ ಕೂರುವಂತೆ ತುಸು ಬಾಗಿಸಿ ಹೊಲಿದದ್ದು ವಾಸಿ. ಅದೂ ಹಿತವಾಗದಿದ್ದರೆ ಮುಂದೆ ಹೇಳುವ ಎದೆಯ ಕ್ಲಿಪ್ಪು ಇನ್ನೂ ವಾಸಿ.

ಪಟ್ಟಿಯನ್ನು ಚೀಲದ ಒಳಗೆ ಹಾಕಬೇಕೋ ಮೇಲೆ ಹಾಕಬೇಕೋ? ಮೊದಲು ಚೀಲ, ಆಮೇಲೆ ಪಟ್ಟಿ. ಹಾಗಿದ್ದರೆ ಚೀಲ ಇಳಿಸದೆಯೇ ಕ್ಯಾಮೆರಾವನ್ನು ಜೊತೆಯವರ ಕೈಗೆ ಕೊಡಬಹುದು. ಒಂದೇ ಎಚ್ಚರಿಕೆ: ಹೊಳೆ ದಾಟುವಾಗ ಜಾರಿ ಬಿದ್ದರೆ ಬೆನ್ನುಚೀಲವನ್ನು ಕಳಚಿ ಬಿಡಬೇಕಾಗುತ್ತದೆ, ಮೇಲಿರುವ ಅಡ್ಡಪಟ್ಟಿ ಅದನ್ನು ಮೈಗೆ ಕಟ್ಟಿಹಾಕುತ್ತದೆ. ನೀರು ಮೊಣಕಾಲು ದಾಟುವಂತಿದ್ದರೆ ಕ್ಯಾಮೆರಾ ಚೀಲದೊಳಗೆ ಹೋಗಲಿ, ಸೊಂಟಪಟ್ಟಿ ಸಡಿಲವಾಗಲಿ, ಆಮೇಲೆ ಹೊಳೆಗಿಳಿಯಿರಿ.

ಭಾರವನ್ನು ಬೆನ್ನುಚೀಲಕ್ಕೆ ಕೊಡುವುದು

ಒಳ್ಳೆಯ ಬೆನ್ನುಚೀಲದ ಭಾರದ ದೊಡ್ಡ ಪಾಲು ಸೊಂಟಪಟ್ಟಿಯ ಮೂಲಕ ಸೊಂಟದ ಮೂಳೆಗೆ ಇಳಿಯುತ್ತದೆ. ಕ್ಯಾಮೆರಾವನ್ನೂ ಆ ಚೀಲಕ್ಕೇ ಕಟ್ಟಿದರೆ ಅದರ ಭಾರವೂ ಅದೇ ದಾರಿ ಹಿಡಿಯುತ್ತದೆ. ಇದಕ್ಕೆ ಎರಡು ಬಗೆಗಳಿವೆ.

ಅಗ್ಗದ ಬಗೆ ಎರಡು ಗಿಡ್ಡ ಪಟ್ಟಿಗಳದ್ದು. ಬೆನ್ನುಚೀಲದ ಹೆಗಲ ಪಟ್ಟಿಗಳ ಮೇಲೆ, ಎದೆಯ ಮಟ್ಟದಲ್ಲಿ, ಡಿ ಆಕಾರದ ಉಂಗುರಗಳಿರುತ್ತವೆ. ಒಂದೊಂದು ಉಂಗುರದಿಂದ ಕ್ಯಾಮೆರಾದ ಒಂದೊಂದು ಕಿವಿಗೆ (ಪಟ್ಟಿ ಕಟ್ಟಲೆಂದು ಅದರ ಎರಡೂ ಬದಿಯಲ್ಲಿರುವ ರಂಧ್ರಕ್ಕೆ) ಕೊಂಡಿಯಿರುವ ಗಿಡ್ಡ ಪಟ್ಟಿ ಕಟ್ಟಿದರೆ ಕ್ಯಾಮೆರಾ ಎದೆಯ ಮುಂದೆ ನಿಲ್ಲುತ್ತದೆ, ಕುತ್ತಿಗೆಯ ಮೇಲೆ ಒಂದು ಗ್ರಾಂ ಕೂಡ ಇರುವುದಿಲ್ಲ. ಆದರೆ ಆ ಉಂಗುರಗಳನ್ನು ಗಟ್ಟಿಯಾಗಿ ಎಳೆದು ನೋಡಿ. ಕೆಲವು ಚೀಲಗಳಲ್ಲಿ ಅವು ಅಲಂಕಾರಕ್ಕೆಂಬಂತೆ ಎರಡು ಹೊಲಿಗೆಯಲ್ಲಿ ನಿಂತಿರುತ್ತವೆ. ಅಂಥಲ್ಲಿ ಉಂಗುರ ಬಿಟ್ಟು ಹೆಗಲ ಪಟ್ಟಿಯ ಮೇಲೆ ಅಡ್ಡ ಹೊಲಿದ ನೇಯ್ಗೆಗೆ ಕಟ್ಟಬೇಕು.

ಇನ್ನೊಂದು ಬಗೆ ಕ್ಲಿಪ್. ಎರಡು ಲೋಹದ ತಟ್ಟೆಗಳ ನಡುವೆ ಬೆನ್ನುಚೀಲದ ಹೆಗಲ ಪಟ್ಟಿಯನ್ನು ಅದುಮಿ, ಸ್ಕ್ರೂ ಬಿಗಿದು, ಅದಕ್ಕೆ ಕ್ಯಾಮೆರಾದ ತಳದ ಪ್ಲೇಟನ್ನು ಜಾರಿಸಿ ಸಿಕ್ಕಿಸುವ ಏರ್ಪಾಡು ಇದು. ಪೀಕ್ ಡಿಸೈನ್‌ನ ಕ್ಯಾಪ್ಚರ್ ಇದರಲ್ಲಿ ಹೆಚ್ಚು ಪರಿಚಿತ ಹೆಸರು, ಅದನ್ನು ಹೋಲುವ ಬೇರೆ ಕಂಪನಿಗಳವೂ ಸಿಗುತ್ತವೆ. ಬಲಗೈ ರೂಢಿಯವರು ಎಡ ಹೆಗಲ ಪಟ್ಟಿಗೆ ಹಾಕಿಕೊಂಡರೆ ಎಡಗೈ ಗುಂಡಿ ಒತ್ತುತ್ತದೆ, ಬಲಗೈ ಕ್ಯಾಮೆರಾ ಹಿಡಿದು ಮೇಲೆತ್ತುತ್ತದೆ. ಲೆನ್ಸು ನೆಲ ನೋಡುತ್ತಿರುತ್ತದೆ, ಆದ್ದರಿಂದ ತುಂತುರು ಮಳೆಗೂ ಅಷ್ಟಾಗಿ ಭಯವಿಲ್ಲ. ಎರಡೂ ಕೈ ಬಿಡುವಾಗಿರುತ್ತವೆ, ಊರುಗೋಲು ಹಿಡಿದು ನಡೆಯುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಕ್ಲಿಪ್ಪಿಗೂ ಮಿತಿಯಿದೆ. ಹೆಗಲ ಪಟ್ಟಿ ಆರು ಸೆಂಟಿಮೀಟರಿಗಿಂತ ಬಹಳ ಅಗಲವಾಗಿದ್ದರೆ, ಅಥವಾ ಮೆತ್ತೆ ಬಹಳ ದಪ್ಪವಿದ್ದರೆ ತಟ್ಟೆಗಳು ಕೂಡುವುದಿಲ್ಲ. ಚೀಲದ ಪಟ್ಟಿಯನ್ನು ಅಳೆದ ಮೇಲೆ ಕೊಳ್ಳಿ. ತೆಳು ಪಟ್ಟಿಯ ಹಗುರ ಚೀಲವಾದರೆ ಭಾರಕ್ಕೆ ಪಟ್ಟಿಯೇ ತಿರುಚಿ ಕ್ಯಾಮೆರಾ ಕಂಕುಳಿನ ಕಡೆ ಸರಿಯುತ್ತದೆ. ಲೆನ್ಸು ಗೇಣಿಗಿಂತ ಉದ್ದವಿದ್ದರೆ ಎತ್ತರದ ಮೆಟ್ಟಿಲು ಹತ್ತುವಾಗ ತೊಡೆ ಬಂದು ಲೆನ್ಸಿಗೆ ತಾಗುತ್ತದೆ. ಎರಡು ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು, ಒಂದನ್ನೇ ಪೂರ್ತಿ ತಿರುಗಿಸಿದರೆ ತಟ್ಟೆ ಓರೆಯಾಗುತ್ತದೆ. ಕ್ಲಿಪ್ಪಿನಿಂದ ಬಿಡಿಸುವ ಗಳಿಗೆಯೇ ಅಪಾಯದ ಗಳಿಗೆ, ಆದ್ದರಿಂದ ಕ್ಲಿಪ್ಪಿನ ಜೊತೆಗೂ ಒಂದು ತೆಳು ಪಟ್ಟಿ ಕತ್ತಿನಲ್ಲಿರಲಿ. ಭಾರವಿಲ್ಲದ ಆ ಪಟ್ಟಿ ನಿಮಗೆ ಗೊತ್ತೂ ಆಗುವುದಿಲ್ಲ.

ಎರಡೂ ಹೆಗಲಿಗೆ ಹಾಕುವ ಹಾರ್ನೆಸ್ ಬೆನ್ನುಚೀಲದೊಂದಿಗೆ ಜಗಳವಾಡುತ್ತದೆ. ಕಬಿನಿಯಲ್ಲೋ ನಾಗರಹೊಳೆಯಲ್ಲೋ ಸಫಾರಿ ಜೀಪಿನಲ್ಲಿ ಎರಡು ಕ್ಯಾಮೆರಾ ಇಟ್ಟುಕೊಂಡವರಿಗೆ ಅದು ತಕ್ಕದ್ದು. ಮಣಿಕಟ್ಟಿನ ಪಟ್ಟಿ ಪೇಟೆ ಸುತ್ತಲು ಚೆಂದ, ಬೆಟ್ಟದಲ್ಲಿ ಬೇಡ: ಜಾರಿದಾಗ ನೆಲಕ್ಕೂರುವ ಕೈಯಲ್ಲೇ ಕ್ಯಾಮೆರಾ ಇರುತ್ತದೆ.

ಎಲ್ಲಿ ಕಟ್ಟುವುದು: ಕಿವಿಗೋ, ತಳಕ್ಕೋ, ಲೆನ್ಸಿಗೋ

ಪಟ್ಟಿ ಹರಿಯುವುದು ಅಪರೂಪ. ಬಿಟ್ಟುಕೊಳ್ಳುವುದು ಪಟ್ಟಿಯೂ ಕ್ಯಾಮೆರಾವೂ ಸೇರುವ ಜಾಗ. ನಾನು ಹಣವನ್ನು ಮೆತ್ತೆಗಿಂತ ಈ ಜೋಡಣೆಗೆ ಹೆಚ್ಚು ಖರ್ಚು ಮಾಡುತ್ತೇನೆ. ಒಮ್ಮೆ ಬಸ್ಸಿನಿಂದ ಇಳಿಯುವಾಗ ಪಟ್ಟಿಯ ಒಂದು ತುದಿ ಸುಮ್ಮನೆ ಕೈಗೆ ಬಂತು. ಬೀಗದ ಕೈ ಗೊಂಚಲಿನ ಉಂಗುರದಂತಹ ತಂತಿಯುಂಗುರ ತಿಂಗಳುಗಟ್ಟಲೆ ಒಂದೇ ಕಡೆ ಎಳೆಸಿಕೊಂಡು, ಬಾಯಿ ಬಿಟ್ಟು, ಕಿವಿಯಿಂದ ಜಾರಿಹೋಗಿತ್ತು. ಅಂದಿನಿಂದ ಪ್ರತಿ ಪ್ರವಾಸದ ಹಿಂದಿನ ರಾತ್ರಿ ಉಂಗುರಗಳನ್ನು ಉಗುರಿನಿಂದ ಬಿಡಿಸಲು ಪ್ರಯತ್ನಿಸುತ್ತೇನೆ. ಉಗುರಿಗೆ ಬಾಯಿ ಬಿಡುವ ಉಂಗುರ ಕಸದ ಬುಟ್ಟಿಗೆ ಹೋಗುತ್ತದೆ.

ಕ್ಯಾಮೆರಾದ ಕಿವಿಗಳು ಎರಡು ಬಗೆ. ಚಪ್ಪಟೆ ಸೀಳಿನ ಕಿವಿಗೆ ಪಟ್ಟಿಯನ್ನು ನೇರವಾಗಿ ತೂರಿಸಬಹುದು. ಸಣ್ಣ ದುಂಡು ರಂಧ್ರದ ಕಿವಿಗೆ ತ್ರಿಕೋನ ಉಂಗುರ ಬೇಕು, ಅದರ ಕೆಳಗೆ ಕ್ಯಾಮೆರಾದ ಮೈ ಗೀರದಂತೆ ಚರ್ಮದ ಅಥವಾ ಪ್ಲಾಸ್ಟಿಕ್ಕಿನ ತುಂಡು ಬೇಕು. ತೆಳು ದಾರದ ಕುಣಿಕೆಗೆ ಗುಂಡಿ ಜೋಡಿಸಿ, ಬೇಕಾದಾಗ ಪಟ್ಟಿಯನ್ನು ಪಟ್ಟನೆ ಬಿಡಿಸುವ ವ್ಯವಸ್ಥೆಯೂ ಈಗ ಬಹಳ ಬಳಕೆಯಲ್ಲಿದೆ. ಪೀಕ್ ಡಿಸೈನ್ ತನ್ನ ಕುಣಿಕೆ 90 ಕಿಲೋ ತಾಳುತ್ತದೆ ಎನ್ನುತ್ತದೆ. ಅದು ಹೊಸದರ ಮಾತು. ಹೊರಗಿನ ದಾರ ಸವೆದು ಒಳಗಿನ ಬೇರೆ ಬಣ್ಣದ ಎಳೆ ಇಣುಕಿತೆಂದರೆ ಅಂದೇ ಬದಲಿಸಬೇಕು, ಆ ಬಣ್ಣವನ್ನು ಒಳಗಿಟ್ಟಿರುವುದೇ ಅದಕ್ಕಾಗಿ.

ತಳದ ಟ್ರೈಪಾಡ್ ರಂಧ್ರಕ್ಕೆ ಸ್ಕ್ರೂ ಹಾಕಿ ನೇತುಹಾಕುವ ಪಟ್ಟಿಗಳೂ ಇವೆ. ಈ ರಂಧ್ರ ಕಾಲು ಅಂಗುಲದ್ದು, ಅಂಗುಲಕ್ಕೆ 20 ಸುತ್ತಿನ ತಿರುಪು. ಸ್ಕ್ರೂ ಹಿಡಿದಿರುವುದು ಆ ಕೆಲವೇ ಸುತ್ತುಗಳಲ್ಲಿ. ಕ್ಯಾಮೆರಾ ತಲೆಕೆಳಗಾಗಿ ತೂಗುತ್ತ ತಿರುಗಿದಂತೆಲ್ಲ ಸ್ಕ್ರೂ ಕೂದಲೆಳೆಯಷ್ಟು ಸಡಿಲವಾಗುತ್ತ ಹೋಗುತ್ತದೆ. ರಬ್ಬರಿನ ಬಿಲ್ಲೆ ಇರುವ ಸ್ಕ್ರೂವನ್ನೇ ಕೊಳ್ಳಿ, ಪ್ರತಿ ಸಲ ನೀರು ಕುಡಿಯಲು ನಿಂತಾಗ ಬೆರಳಿನಿಂದ ತಿರುಗಿಸಿ ನೋಡಿ, ಮತ್ತು ಕಿವಿಯಿಂದ ಪಟ್ಟಿಗೆ ಒಂದು ಗಿಡ್ಡ ಕಾವಲು ದಾರ ಕಟ್ಟಿ. ಈ ದಾರವಿಲ್ಲದೆ ತಳದ ಸ್ಕ್ರೂ ಒಂದನ್ನೇ ನಂಬಿ ಬೆಟ್ಟ ಹತ್ತುವುದಕ್ಕೆ ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ.

2,000 ಗ್ರಾಂ ದಾಟಿದ ಲೆನ್ಸಿಗೆ ಪಟ್ಟಿಯನ್ನು ಲೆನ್ಸಿನ ಕಾಲಿಗೇ (ಟ್ರೈಪಾಡಿಗೆ ಕೂರಿಸಲು ಲೆನ್ಸಿನ ಕೆಳಗಿರುವ ಚಾಚು) ಕಟ್ಟಬೇಕು, ಅಥವಾ ಲೆನ್ಸಿನ ಮೇಲೆಯೇ ಕಿವಿಗಳಿದ್ದರೆ ಅವಕ್ಕೆ. ಕ್ಯಾಮೆರಾದ ಕಿವಿಗೆ ಕಟ್ಟಿ ನಡೆದರೆ ಮುಂದೆ ಚಾಚಿದ ಅಷ್ಟೂ ಭಾರ ಲೆನ್ಸು ಕ್ಯಾಮೆರಾ ಸೇರುವ ಉಂಗುರವನ್ನು ಹೆಜ್ಜೆ ಹೆಜ್ಜೆಗೂ ಮೀಟುತ್ತದೆ.

ಬಕಲಿಗೆ ಪಟ್ಟಿ ತೂರಿಸುವ ಸರಿಯಾದ ಕ್ರಮ

ಇದನ್ನು ತಪ್ಪು ಮಾಡಿದವರನ್ನು ಪ್ರತಿ ಚಾರಣದಲ್ಲೂ ಕಾಣುತ್ತೇನೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಪಟ್ಟಿಯ ತುದಿಯಲ್ಲಿ ಎರಡು ಪ್ಲಾಸ್ಟಿಕ್ ತುಂಡುಗಳಿರುತ್ತವೆ: ಒಂದು ಬರಿಯ ಚೌಕಟ್ಟಿನಂತಹ ಬಳೆ, ಇನ್ನೊಂದು ನಡುವೆ ಅಡ್ಡಗಂಬಿಯಿರುವ ಬಕಲ್. ಎರಡರಿಂದಲೂ ತುದಿಯನ್ನು ಹೊರಗೆ ಎಳೆಯಿರಿ. ಮೊದಲು ಬಕಲನ್ನು, ಆಮೇಲೆ ಬಳೆಯನ್ನು ಪಟ್ಟಿಗೆ ತೂರಿಸಿ ಮೇಲಕ್ಕೆ ಸರಿಸಿ. ಪಟ್ಟಿಯ ತುದಿಯನ್ನು ಕ್ಯಾಮೆರಾದ ಕಿವಿಯೊಳಗೆ ಹೊರಗಿನಿಂದ ಒಳಮುಖವಾಗಿ ತೂರಿಸಿ, ಕ್ಯಾಮೆರಾದ ಮೈಯ ಕಡೆಯಿಂದ ಹಿಂದಕ್ಕೆ ಮಡಚಿ. ಮಡಚಿದ ತುದಿಯನ್ನು ಬಳೆಯೊಳಗಿಂದ ಹಾಯಿಸಿ. ಈಗ ಬಕಲಿನ ಬಳಿ ಪಟ್ಟಿಯ ಮೇಲಿನ ಎಳೆಯನ್ನು ಸಡಿಲಿಸಿ ಎತ್ತಿ ಹಿಡಿಯಿರಿ, ಅಲ್ಲಿ ಒಂದು ಸಣ್ಣ ಕಮಾನು ಮೂಡುತ್ತದೆ. ತುದಿಯನ್ನು ಆ ಕಮಾನಿನ ಕೆಳಗೆ, ಅಡ್ಡಗಂಬಿಯ ಒಂದು ಬದಿಯಿಂದ ಮೇಲೆದ್ದು ಇನ್ನೊಂದು ಬದಿಯಿಂದ ಕೆಳಗಿಳಿಯುವಂತೆ ತೂರಿಸಿ. ಕನಿಷ್ಠ ಐದು ಸೆಂಟಿಮೀಟರ್ ತುದಿ ಬಕಲಿನಾಚೆ ಉಳಿಯಬೇಕು. ಕೊನೆಗೆ ಎರಡೂ ಕಡೆ ಎಳೆದು ಕಮಾನನ್ನು ಬಿಗಿ ಮಾಡಿ, ಬಳೆಯನ್ನು ಕಿವಿಯ ಹತ್ತಿರಕ್ಕೆ ಇಳಿಸಿ.

ಹೀಗೆ ಮಾಡಿದರೆ ಬಾಲದ ತುದಿ ಎರಡು ಎಳೆಗಳ ನಡುವೆ ಅಡಗುತ್ತದೆ. ಭಾರ ಹೆಚ್ಚಿದಷ್ಟೂ ಮೇಲಿನ ಎಳೆ ಕೆಳಗಿನದನ್ನು ಅದುಮಿ ಹಿಡಿಯುತ್ತದೆ. ಬಾಲ ಹೊರಗೆ ಗಾಳಿಯಲ್ಲಿ ಆಡುತ್ತಿದ್ದರೆ ಅದು ಲಂಟಾನದ ಪೊದೆಗೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿದಂತೆಲ್ಲ ಸಡಿಲವಾಗುತ್ತದೆ. ಜೋಡಿಸಿದ ಮೇಲೆ ಹಾಸಿಗೆಯ ಮೇಲೆ, ಒಂದು ಗೇಣು ಎತ್ತರದಲ್ಲಿ, ಪಟ್ಟಿ ಹಿಡಿದು ಕ್ಯಾಮೆರಾವನ್ನು ಹತ್ತು ಸಲ ಜಗ್ಗಿ. ಬಕಲು ಒಂದು ನೂಲಿನಷ್ಟು ಸರಿದಿದ್ದರೂ ಬಿಚ್ಚಿ ಮತ್ತೆ ಕಟ್ಟಿ.

ಮಳೆ, ಬೆವರು, ಬೂಷ್ಟು

ಮಲೆನಾಡಿನ ಮಳೆಗಾಲಕ್ಕೆ ಚರ್ಮದ ಪಟ್ಟಿ ಬೇಡ. ನೋಡಲು ಎಷ್ಟು ಚೆಂದವಿದ್ದರೂ ಆಗುಂಬೆಯಲ್ಲಿ ಎರಡು ದಿನ ನೆನೆದು, ಮನೆಗೆ ಬಂದು ಕಪಾಟು ಸೇರಿದ ಚರ್ಮದ ಮೇಲೆ ವಾರದೊಳಗೆ ಬೂದು ಬೂಷ್ಟು ಹಬ್ಬುತ್ತದೆ. ಆ ಬೂಷ್ಟಿನ ಪಕ್ಕದಲ್ಲಿ ಲೆನ್ಸು ಇರುವುದು ಇನ್ನೂ ಕೆಟ್ಟದ್ದು. ಹತ್ತಿಯ ಪಟ್ಟಿ ಮೈಗೆ ಹಿತ, ಆದರೆ ನೀರು ಕುಡಿದು ಭಾರವಾಗುತ್ತದೆ ಮತ್ತು ಒಣಗುವುದಿಲ್ಲ. ನೈಲಾನ್ ಬಲವಾದದ್ದು, ಒದ್ದೆಯಾದಾಗ ತುಸು ಹಿಗ್ಗುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ಕಡಿಮೆ, ಬೇಗ ಒಣಗುತ್ತದೆ. ಮಳೆಗಾಲಕ್ಕೆ ನನ್ನ ಆಯ್ಕೆ ಅದೇ. ನಿಯೋಪ್ರೀನ್ ಬೆವರನ್ನು ಹೊರಗೆ ಬಿಡದು. ಏಪ್ರಿಲ್ ತಿಂಗಳ ಬಳ್ಳಾರಿ, ವಿಜಯನಗರದ ಬಿಸಿಲಲ್ಲಿ ಕುತ್ತಿಗೆಯ ಸುತ್ತ ಬೆವರುಸಾಲೆ ಏಳುವುದು ಅದರಿಂದಲೇ. ಅಂಥ ಕಡೆ ಅಂಗಿಯ ಕಾಲರ್ ಪಟ್ಟಿಯ ಕೆಳಗೆ ಬರುವಂತೆ ನೋಡಿಕೊಳ್ಳಿ.

ಇಂಬಳವಿರುವ ಕಾಡಿನಲ್ಲಿ ಕೂತು ಏಳುವಾಗ ಪಟ್ಟಿಯನ್ನು ನೆಲಕ್ಕೆ ಇಳಿಬಿಡಬೇಡಿ. ನೆಲ ಮುಟ್ಟಿದ ಪಟ್ಟಿ ಇಂಬಳಕ್ಕೆ ನೇರ ಏಣಿ.

ಬಸ್ಸು, ರೈಲು, ಬೈಕು

ಪ್ರವಾಸದಲ್ಲಿ ಕ್ಯಾಮೆರಾ ಕಂಪನಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹೊತ್ತ ಪಟ್ಟಿಗಿಂತ ಸಾದಾ ಕಪ್ಪು ಪಟ್ಟಿ ಒಳ್ಳೆಯದು. ರಾತ್ರಿ ಬಸ್ಸಿನಲ್ಲಿ ನಿದ್ದೆ ಹೋಗುವ ಮುಂಚೆ ಕ್ಯಾಮೆರಾ ಚೀಲದೊಳಗಿರಲಿ, ಚೀಲದ ಪಟ್ಟಿ ಕಾಲಿಗೆ ಒಂದು ಸುತ್ತು ಬಂದಿರಲಿ. ರೈಲಿನ ಕೊಕ್ಕೆಗೆ ಪಟ್ಟಿಯಿಂದ ಕ್ಯಾಮೆರಾ ನೇತುಹಾಕಿ ಮಲಗಬೇಡಿ. ಹೋಟೆಲಿನ ಮೇಜಿನ ಮೇಲೆ ಕ್ಯಾಮೆರಾ ಇಟ್ಟಾಗ ಪಟ್ಟಿಯನ್ನು ಅದರ ಪಕ್ಕದಲ್ಲೇ ಸುತ್ತಿಡಿ, ಅಂಚಿನಿಂದ ಇಳಿಬಿಟ್ಟರೆ ಮಾಣಿಯ ಕೈ ತಾಗಿದರೂ ಸಾಕು. ವಿಮಾನ ನಿಲ್ದಾಣದ ತಪಾಸಣೆಯ ತಟ್ಟೆಯಲ್ಲೂ ಹಾಗೆಯೇ.

ಬೈಕಿನ ಮೇಲೆ ಮಾತ್ರ ಯಾವ ಪಟ್ಟಿಯೂ ಬೇಡ. ಎದೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಬಿದ್ದವನ ಪಕ್ಕೆಲುಬಿಗೆ ಆ ಲೋಹದ ಗಟ್ಟಿ ಏನು ಮಾಡೀತೆಂದು ಯೋಚಿಸಿ. ಚೀಲದೊಳಗೆ ಬಟ್ಟೆಯ ನಡುವೆ ಇಡಿ, ಇಳಿದ ಮೇಲೆ ತೆಗೆಯಿರಿ.

ಟ್ರೈಪಾಡ್ ಮೇಲಿಟ್ಟು ಜಲಪಾತದ ಚಿತ್ರ ತೆಗೆಯುವಾಗ ಪಟ್ಟಿ ಬಿಡಿಸಿಡಬೇಕು. ಜೋಗದ ಬಳಿಯ ಗಾಳಿಗೆ ಪಟಪಟ ಬಡಿಯುವ ಪಟ್ಟಿ ಎರಡು ಸೆಕೆಂಡಿನ ಚಿತ್ರವನ್ನು ಕದಡಿಬಿಡುತ್ತದೆ. ಬಿಡಿಸಲು ಬರುವ ಕೊಂಡಿ ಬೇಕೆನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದು.

ಮನೆಗೆ ಬಂದ ಮೇಲೆ

ಕ್ಯಾಮೆರಾದಿಂದ ಪಟ್ಟಿಯನ್ನು ಪೂರ್ತಿ ಬಿಡಿಸಿ. ಬೆವರಿನ ಉಪ್ಪು ಒಣಗಿ ನೇಯ್ಗೆಯಲ್ಲಿ ಕೂತರೆ ಪಟ್ಟಿ ಗಡುಸಾಗಿ ಮುಂದಿನ ಸಲ ಚರ್ಮ ತರಚುತ್ತದೆ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸ್ನಾನದ ಸೋಪು ಕದಡಿ ಕಾಲು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಬಕಲಿನ ಸಂದುಗಳ ಕೆಮ್ಮಣ್ಣು ತೆಗೆಯಿರಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಬಿಸಿಲಿಗೆ ಹಾಕದೆ ನೆರಳಲ್ಲಿ, ಗಾಳಿ ಆಡುವ ಕಡೆ ಒಂದು ಹಗಲು ಒಂದು ರಾತ್ರಿ ತೂಗುಹಾಕಿ. ಹೊಲಿಗೆಯ ಜಾಗವನ್ನು ಬೆರಳಿನಿಂದ ಒತ್ತಿದಾಗ ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ, ಇನ್ನೊಂದು ದಿನ ಬಿಡಿ. ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆಯ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡುತ್ತ ಬನ್ನಿ. ಎದ್ದ ನೂಲು ಒಂದಿದ್ದರೆ ಅಲ್ಲಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ, ಮುಂದಿನ ಚಾರಣದ ಮೊದಲು ಚಮ್ಮಾರರ ಬಳಿ ಕೊಂಡೊಯ್ದು ದಪ್ಪ ನೈಲಾನ್ ದಾರದಲ್ಲಿ ಮೂರು ಸಾಲು ಹೊಲಿಸಿಕೊಳ್ಳಿ.